ಮಂಡಿ ಸವೆದಿಲ್ಲ, ಇಳಿಯೋದು ರೂಢಿ ಇಲ್ಲ ಅಷ್ಟೇ: ಡರ್ವೆಂಟ್ ಎಡ್ಜ್ ನಡಿಗೆ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಮಸ್ತೆ ಮೇಡಂ. ನನಗೆ 43, ಮೈಸೂರಿನವಳು, ಎರಡು ವರ್ಷದಿಂದ ಮ್ಯಾಂಚೆಸ್ಟರಲ್ಲಿದ್ದೀವಿ, ಕೆಲಸ ಪೂರ್ತಿ ಕೂತ್ಕೊಂಡೇ. ಜುಲೈನಲ್ಲಿ ಇಲ್ಲೇ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ ಕಿಂಡರ್ ಸ್ಕೌಟ್ ಹೋಗಿದ್ವಿ, ಹತ್ತೋವಾಗ ಏನೂ ಆಗ್ಲಿಲ್ಲ, ಜೇಕಬ್ಸ್ ಲ್ಯಾಡರ್ ಮೆಟ್ಟಿಲು ಇಳಿಯೋವಾಗ ಎರಡೂ ಮಂಡಿ ಮುಂಭಾಗ ನೋವು ಶುರುವಾಗಿ ಆಮೇಲೆ ಐದು ದಿನ ಮನೆ ಮೆಟ್ಟಿಲು ಇಳಿಯೋಕೂ ಕಷ್ಟ ಆಯ್ತು. ಊತ ಇರ್ಲಿಲ್ಲ. ಈಗ ಸರಿ ಇದೆ ಆದ್ರೆ ಕೂತು ಎದ್ದರೆ ಕಟಕಟ ಸೌಂಡು. ಈಗ ನನ್ನ ಯಜಮಾನ್ರ ಫ್ರೆಂಡ್ಸು ಅಕ್ಟೋಬರ್ ಮಧ್ಯದ ಶನಿವಾರ ಒಂದು ದೊಡ್ಡ ವಾಕ್ ಇಟ್ಕೊಂಡಿದ್ದಾರೆ. ಫೇರ್‌ಹೋಮ್ಸ್ ಕಾರ್ ಪಾರ್ಕಿಂದ ಹೊರಟು ಡರ್ವೆಂಟ್ ಎಡ್ಜ್, ಬ್ಯಾಕ್ ಟೋರ್, ಮಾರ್ಜರಿ ಹಿಲ್, ಸ್ಲಿಪರಿ ಸ್ಟೋನ್ಸ್ ಇಳಿದು ರಿಸರ್ವಾಯರ್ ಪಕ್ಕದಲ್ಲಿ ವಾಪಸ್, ಆ್ಯಪಲ್ಲಿ 28 ಕಿಮೀ ತೋರಿಸ್ತಿದೆ, ಬೆಳಿಗ್ಗೆ ಹತ್ತೂವರೆಗೆ ಶುರು. ಅಮ್ಮ ಫೋನಲ್ಲಿ ಮಂಡಿ ಸವೆದಿದೆ, ಇನ್ನು ಬೆಟ್ಟಗಿಟ್ಟ ಬೇಡ ಅಂತಾರೆ. ಒಬ್ರು ನೀಕ್ಯಾಪ್ ಹಾಕ್ಕೊಂಡು ಮೊದಲೇ ಒಂದು ಐಬುಪ್ರೊಫೆನ್ ನುಂಗು ಅಂತಾರೆ, ಇನ್ನೊಬ್ರು ಕೋಲು ಹಿಡೀಬೇಡ ಮಂಡಿ ಸೋಮಾರಿ ಆಗತ್ತೆ ಅಂತಾರೆ. ಅಲ್ಲಿ ಕೆಸರು ಮನುಷ್ಯರನ್ನ ಒಳಗೆ ಎಳ್ಕೊಳತ್ತೆ ಅಂತ ಬೇರೆ ಹೆದರಿಸಿದ್ದಾರೆ. ಇನ್ನೂ ಆರು ವಾರ ಇದೆ. ಹೋಗ್ಲಾ ಬೇಡ್ವಾ? ಹೋದ್ರೆ ತಿನ್ನೋಕೆ ಏನು ಒಯ್ಯಲಿ?

ಉತ್ತರ: ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟ್ರಲ್ಲ, ಫಿಸಿಯೋ. ಶೆಫೀಲ್ಡ್ ಕಡೆ ಹದಿನೈದು ವರ್ಷದಿಂದ ಇಂಥ ಮಂಡಿಗಳನ್ನೇ ನೋಡ್ತಿದ್ದೀನಿ, ರಜಾ ದಿನ ಅದೇ ಗುಡ್ಡದಲ್ಲಿ ನಡೀತಿರ್ತೀನಿ. ನಿಮ್ಮ ಪತ್ರ ಓದಿದ್ರೆ ನಿಮ್ಮ ಭಯ ಪೂರ್ತಿ ಮಂಡಿ ಮೇಲಿದೆ, ನನ್ನ ಭಯ ಆ "ಹತ್ತೂವರೆಗೆ ಶುರು" ಅನ್ನೋ ಮಾತಿನ ಮೇಲಿದೆ. ಅದಕ್ಕೆ ಆಮೇಲೆ ಬರ್ತೀನಿ.

ಅಮ್ಮ ಹೇಳಿದ್ದು ಪ್ರೀತಿಯಿಂದ, ಆದ್ರೆ ನೀವು ಬರೆದಿರೋದ್ರಲ್ಲಿ ಸವೆತದ ಗುರುತು ನನಗೆ ಕಾಣ್ತಿಲ್ಲ. ಹತ್ತೋವಾಗ ನೋವಿಲ್ಲ, ಇಳಿಯೋವಾಗ ಎರಡೂ ಕಡೆ ಒಂದೇ ಥರ ಮುಂಭಾಗದಲ್ಲಿ ನೋವು, ಊತ ಇಲ್ಲ, ಐದು ದಿನಕ್ಕೆ ತಾನಾಗೇ ಹೋಯ್ತು. ಇದು ಮಂಡಿಚಿಪ್ಪಿನ ಸುತ್ತ ಅಭ್ಯಾಸ ಇಲ್ಲದ ಭಾರ ಒಂದೇ ದಿನ ಬಿದ್ದಾಗ ಆಗೋ ನೋವು, ಜೊತೆಗೆ ತೊಡೆ ಸ್ನಾಯು ನೋವೂ ಸೇರಿರತ್ತೆ. ಕಟಕಟ ಸೌಂಡಿಗೆ ನೋವು ಜೊತೆಗಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ, ನನ್ನ ಮಂಡೀನೂ ಇಪ್ಪತ್ತನೇ ವಯಸ್ಸಿಂದ ಚಕ್ಕುಲಿ ಮುರಿದಂಗೆ ಸೌಂಡ್ ಮಾಡತ್ತೆ.

ಯಾಕೆ ಇಳಿಯೋವಾಗಲೇ ಅಂದ್ರೆ, ಅಟ್ಟದ ಮೇಲಿಂದ ಅಡಿಕೆ ಮೂಟೆ ಹಗ್ಗ ಕಟ್ಟಿ ಇಳಿಸೋದು ನೋಡಿದ್ದೀರಾ? ಮೂಟೆ ತಾನಾಗೇ ಕೆಳಗೆ ಹೋಗತ್ತೆ, ನಿಮ್ಮ ಕೆಲಸ ಏನಿದ್ರೂ ಅದು ದಡಕ್ಕನೆ ಬೀಳದ ಹಾಗೆ ಹಗ್ಗ ಸ್ವಲ್ಪ ಸ್ವಲ್ಪ ಬಿಡೋದು, ಕೈ ಉರಿಯೋದು ಆ ಬಿಡೋದ್ರಲ್ಲೇ. ಇಳಿಜಾರಲ್ಲಿ ನಿಮ್ಮ ತೊಡೆ ಮುಂಭಾಗದ ಸ್ನಾಯು ಅದೇ ಹಗ್ಗ. ಪ್ರತಿ ಹೆಜ್ಜೇಲೂ ಉದ್ದ ಆಗ್ತಾ ಆಗ್ತಾ ಮೈ ಭಾರ ತಡೆದು ಹಿಡೀಬೇಕು, ಅದೂ ಮಂಡಿ ಮಡಚಿರೋವಾಗ, ಆಗ ಚಿಪ್ಪು ಹಿಂದಿನ ಮೂಳೆಗೆ ಒತ್ತಿಕೊಳ್ಳೋದು ಜಾಸ್ತಿ. ದಿನಾ ಲಿಫ್ಟು ಕಾರು ಕುರ್ಚಿ ಅಂತ ಇದ್ದವ್ರಿಗೆ ಈ ಥರದ ಕೆಲಸ ಇಡೀ ವರ್ಷ ಬಂದೇ ಇರಲ್ಲ, ತೊಡೆ ಸುಸ್ತಾದ ತಕ್ಷಣ ಭಾರ ಎಲ್ಲ ಮಂಡಿಗೆ. ಹತ್ತೋಕೆ ಉಸಿರು ಬೇಕು, ನಿಮಗೆ ಅದಿದೆ. ಇಳಿಯೋಕೆ ತೊಡೆ ಬೇಕು.

ಇದ್ರಲ್ಲಿ ಒಂದು ಒಳ್ಳೇ ಸುದ್ದಿ ಇದೆ, ಜನಕ್ಕೆ ಗೊತ್ತಿರೋದು ಕಮ್ಮಿ. ಒಂದು ಸಲ ಇಳಿಜಾರಲ್ಲಿ ಸ್ನಾಯು ಪೆಟ್ಟು ತಿಂದು ಸುಧಾರಿಸಿಕೊಂಡ್ರೆ ಅದೇ ಕೆಲಸ ಮುಂದಿನ ಸಲ ಅರ್ಧದಷ್ಟೂ ನೋಯಿಸಲ್ಲ, ಆ ರಕ್ಷಣೆ ವಾರಗಟ್ಟಲೆ ಇರತ್ತೆ. ಅಂದ್ರೆ ಜಿಮ್ ಸೇರೋದಕ್ಕಿಂತ ದೊಡ್ಡ ದಿನಕ್ಕೆ ಮೊದಲು ಎರಡು ಮೂರು ಸಲ ಸಣ್ಣದಾಗಿ ಇಳಿದು ಬಂದ್ರೆ ಲಾಭ ಜಾಸ್ತಿ. ಜುಲೈದು ಈಗ ಹಳೇದಾಯ್ತು, ಮತ್ತೆ ಶುರು ಮಾಡ್ಬೇಕು.

ಆರು ವಾರ ಸಾಕಾ ಅಂದ್ರೆ ಸಾಕು, ಇವತ್ತೇ ಶುರು ಮಾಡಿದ್ರೆ. ಮನೆ ಮೆಟ್ಟಿಲ ಕೊನೇ ಮೆಟ್ಟಿಲ ಮೇಲೆ ಮುಂದಕ್ಕೆ ಮುಖ ಮಾಡಿ ನಿಂತ್ಕೊಳ್ಳಿ, ಒಂದು ಕಾಲು ಗಾಳೀಲಿ, ನಿಂತ ಕಾಲಿನ ಮಂಡಿ ನಿಧಾನಕ್ಕೆ ಮಡಚ್ತಾ ಒಂದು ಎರಡು ಮೂರು ಎಣಿಸ್ತಾ ಇನ್ನೊಂದು ಹಿಮ್ಮಡಿ ನೆಲಕ್ಕೆ ಮುಟ್ಟಿಸಿ, ಭಾರ ಹಾಕ್ಬೇಡಿ, ಮತ್ತೆ ಮೇಲೆ. ಮಂಡಿ ಒಳಗಡೆಗೆ ವಾಲದೆ ಕಾಲ್ಬೆರಳ ನೇರಕ್ಕೇ ಬರ್ಬೇಕು, ಕನ್ನಡಿ ಇಟ್ಕೊಂಡು ನೋಡ್ಕೊಳ್ಳಿ. ಒಂದೊಂದು ಕಾಲಿಗೆ ಹತ್ತು ಸಲ, ಅಂಥ ಮೂರು ಸುತ್ತು, ದಿನ ಬಿಟ್ಟು ದಿನ. ನೋವು ಹತ್ತಕ್ಕೆ ಮೂರರ ಒಳಗಿದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ರೆ ಸರಿಯಾಗಿ ಮಾಡ್ತಿದ್ದೀರ ಅಂತ, ಇಲ್ಲಾಂದ್ರೆ ಸುತ್ತು ಕಮ್ಮಿ ಮಾಡಿ. ಎರಡನೇ ವಾರದಿಂದ ವೀಕೆಂಡಲ್ಲಿ ಸಣ್ಣ ಗುಡ್ಡ. ಮ್ಯಾಮ್ ಟೋರ್ ನಿಮಗೆ ಹೇಳಿ ಮಾಡಿಸಿದ ಜಾಗ, 517 ಮೀಟರ್ ಎತ್ತರ ಆದ್ರೂ ಕಾರ್ ನಿಲ್ಸೋ ಜಾಗದಿಂದ ಮೇಲೆ ಹೆಚ್ಚು ದೂರ ಇಲ್ಲ, ಕಲ್ಲು ಹಾಸಿದ ಮೆಟ್ಟಿಲಿದೆ, ಒಂದು ಸಲ ಹತ್ತಿ ಇಳಿಯೋದು, ಮುಂದಿನ ವಾರ ಎರಡು ಸಲ. ಕೊನೇ ದೊಡ್ಡ ಇಳಿತ ನಡಿಗೆಗೆ ಎಂಟು ಹತ್ತು ದಿನ ಮುಂಚೆ ಮುಗಿಸಿಬಿಡಿ. ಹಿಂದಿನ ಗುರುವಾರ ಹೋಗಿ ತೊಡೆ ಹಿಡ್ಕೊಂಡು ಶನಿವಾರ ಬರ್ಬೇಡಿ, ಸ್ನಾಯು ನೋವು ಎರಡನೇ ದಿನಕ್ಕೇ ಜೋರು.

ಈ ಮಧ್ಯೆ ಮಂಡಿ ಇದ್ದಕ್ಕಿದ್ದಂಗೆ ಸಿಕ್ಕಾಕ್ಕೊಂಡು ನೇರ ಆಗದಿದ್ರೆ, ನಡೀತಾ ನಡೀತಾ ಕುಸಿದ್ರೆ, ತಿರುಚಿದಾಗ ಟಪ್ ಅಂತ ಸೌಂಡಾಗಿ ಕೆಲವೇ ಗಂಟೇಲಿ ಊದಿಕೊಂಡ್ರೆ, ಅಥವಾ ಕೆಂಪಾಗಿ ಬಿಸಿಯಾಗಿ ಜ್ವರ ಬಂದ್ರೆ ನನ್ನ ಈ ಉತ್ತರ ಬದಿಗಿಟ್ಟು ಇಲ್ಲಿನ ಆರೋಗ್ಯ ಸಹಾಯವಾಣಿ 111ಗೆ ಫೋನ್ ಮಾಡಿ, ಅದು ಬೇರೆ ಕಥೆ.

ಕೋಲಿನ ವಿಷಯ. ಮಂಡಿ ಸೋಮಾರಿ ಆಗತ್ತೆ ಅನ್ನೋರು ಆರು ತಿಂಗಳು ಹಾಸಿಗೆ ಹಿಡಿದವ್ರ ಬಗ್ಗೆ ಹೇಳ್ತಿರ್ಬೇಕು. ಒಂದು ದಿನ ಎರಡು ಕೋಲು ಹಿಡಿದ್ರೆ ಇಳಿಯೋವಾಗ ಮಂಡಿ ಮೇಲಿನ ಭಾರ ಒಂದಷ್ಟು ತೋಳಿಗೆ ಹೋಗತ್ತೆ, ಇದು ಅಳೆದು ನೋಡಿರೋ ವಿಷಯ. ಒಂದಲ್ಲ, ಎರಡು ತಗೊಳ್ಳಿ. ಸಪಾಟಲ್ಲಿ ಮೊಣಕೈ ನೇರ ಕೋನಕ್ಕೆ ಬರೋವಷ್ಟು ಉದ್ದ, ಇಳಿಯೋವಾಗ ಇನ್ನೊಂದು ನಾಲ್ಕು ಬೆರಳು ಜಾಸ್ತಿ, ಕೋಲು ಮೊದಲು ಕಾಲು ಆಮೇಲೆ. ಬಂಡೆ ಮೇಲೆ ಕೈ ಊರಿ ಹತ್ತೋ ಕಡೆ ಮಾತ್ರ ಬ್ಯಾಗಿಗೆ ಸಿಗಿಸಿಬಿಡಿ, ಅಲ್ಲಿ ಕೋಲೇ ಕಾಲಿಗೆ ತೊಡರತ್ತೆ. ನೀಕ್ಯಾಪ್ ಬೆಚ್ಚಗಿರತ್ತೆ, ಧೈರ್ಯ ಕೊಡತ್ತೆ, ಅಷ್ಟೇ, ಬಿಗಿ ಜಾಸ್ತಿ ಆದ್ರೆ ಮಂಡಿ ಹಿಂದೆ ಉಜ್ಜಿ ಹುಣ್ಣು. ಐಬುಪ್ರೊಫೆನ್ ಮುಂಚೆನೇ ನುಂಗೋದು ಬೇಡ. ನೋವು ಅನ್ನೋದು ನಿಧಾನ ಮಾಡು ಅಂತ ಹೇಳೋ ಸೂಚನೆ, ಅದನ್ನ ಬಾಯಿ ಮುಚ್ಚಿಸಿ 28 ಕಿಮೀ ನಡೆದ್ರೆ ಲೆಕ್ಕ ಮರುದಿನ ಬರತ್ತೆ, ಮೇಲಾಗಿ ನೀರು ಸರಿಯಾಗಿ ಕುಡೀದೆ ಬೆವರ್ತಾ ಆ ಮಾತ್ರೆ ತಗೊಂಡ್ರೆ ಕಿಡ್ನಿಗೂ ಒಳ್ಳೇದಲ್ಲ.

ಈಗ ದಾರಿ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಈ ನಡಿಗೇಲಿ ಮೂರು ಬೇರೆ ಬೇರೆ ನೆಲ ಇದೆ, ಮೂರೂ ಕಾಲಿಗೆ ಬೇರೆ ಬೇರೆ ಥರ ಕೈ ಕೊಡತ್ತೆ.

ಮೊದಲನೇದು ಬಂಡೆಸಾಲು. ವಿನ್‌ಸ್ಟೋನ್ ಲೀ ಟೋರ್‌ವರೆಗಿನ ಏರು ಮುಗಿದ್ರೆ ಆಮೇಲೆ ಎಡ್ಜ್ ಮೇಲೆ ಹೆಚ್ಚುಕಮ್ಮಿ ಸಲೀಸು, ವೀಲ್ ಸ್ಟೋನ್ಸ್, ಸಾಲ್ಟ್ ಸೆಲ್ಲರ್, ಕೇಕ್ಸ್ ಆಫ್ ಬ್ರೆಡ್ ಅಂತ ಒಂದೊಂದು ಬಂಡೆಗೂ ಹೆಸರು, ಗಾಳಿ ಮಳೆ ಕೊರೆದು ಕೊರೆದು ರಾಗಿಮುದ್ದೆ ಒಂದರ ಮೇಲೊಂದು ಇಟ್ಟಂಗೆ ಮಾಡಿದೆ. ಕೊನೇಗೆ 538 ಮೀಟರಿನ ಬ್ಯಾಕ್ ಟೋರ್. ಈ ಕಲ್ಲು ಗ್ರಿಟ್‌ಸ್ಟೋನ್, ಹಿಂದೆ ಇದೇ ಕಲ್ಲಲ್ಲಿ ಬೀಸೋಕಲ್ಲು ಮಾಡ್ತಿದ್ರು, ಒಣಗಿದ್ರೆ ಸ್ಯಾಂಡ್‌ಪೇಪರ್ ಥರ ಶೂ ಕಚ್ಚಿ ಹಿಡಿಯತ್ತೆ, ಸಾವನದುರ್ಗದ ನುಣ್ಣನೆ ಬಂಡೆಗಿಂತ ಎಷ್ಟೋ ವಾಸಿ. ಒದ್ದೆಯಾಗಿ ಮೇಲೆ ಹಸಿರು ಪಾಚಿ ಇದ್ರೆ ಮಾತ್ರ ಬಚ್ಚಲು ಕಲ್ಲೇ ಸೈ. ದಾರಿಯುದ್ದಕ್ಕೂ ಕೆಲವು ಕಡೆ ದೊಡ್ಡ ಚಪ್ಪಡಿ ಹಾಸಿದ್ದಾರೆ, ಅದ್ರ ಮೇಲೇ ನಡೀರಿ.

ಎರಡನೇದು ಮೂರ್‌ಲ್ಯಾಂಡು, ಬ್ಯಾಕ್ ಟೋರ್ ದಾಟಿ ಮಾರ್ಜರಿ ಹಿಲ್ ಕಡೆ. ದೂರದಿಂದ ಕುದುರೆಮುಖದ ಹುಲ್ಲುಗುಡ್ಡದ ಥರ ಕಾಣತ್ತೆ, ಮರ ಇಲ್ಲ, ನೆರಳಿಲ್ಲ, ಗಾಳಿಗೆ ಅಡ್ಡ ಏನೂ ಇಲ್ಲ, ಆಗಾಗ ಗ್ರೌಸ್ ಹಕ್ಕಿ ಕಾಲ ಬುಡದಿಂದ ಕೆಕ್ಕೆಕ್ಕೆ ಅಂತ ಎದ್ದು ಎದೆ ಝಲ್ ಅನ್ಸತ್ತೆ. ಆದ್ರೆ ಕಾಲ ಕೆಳಗಿರೋದು ಮಣ್ಣಲ್ಲ, ಪೀಟ್, ಅಂದ್ರೆ ಸಾವಿರಾರು ವರ್ಷದ ಪಾಚಿ ಕೊಳೆಯೋಕೂ ಆಗದೆ ನೀರಲ್ಲಿ ನೆನೆದು ಕೂತಿರೋದು. ನಮ್ಮ ಮಲೆನಾಡಲ್ಲಿ ಹುದುಲು ಅಂತೀವಲ್ಲ ಅದೇ. ಇದು ಮನುಷ್ಯರನ್ನ ಒಳಗೆ ಎಳ್ಕೊಂಡು ಮುಳುಗಿಸತ್ತೆ ಅನ್ನೋದು ಸಿನಿಮಾ ಕಥೆ, ನಮ್ಮ ಮೈ ಆ ಕೆಸರಿಗಿಂತ ಹಗುರ, ಮಂಡಿಗೋ ತೊಡೆಗೋ ನಿಲ್ಲತ್ತೆ. ಅಪಾಯ ಇರೋದು ಬೇರೆ ಕಡೆ: ಒಂದು ಕಾಲು ಹೂತಿರೋವಾಗ ಮೈ ಮುಂದಕ್ಕೆ ಬಿದ್ರೆ ಮಂಡಿ ತಿರುಚತ್ತೆ, ಆಮೇಲೆ ಒದ್ದೆ ಕಾಲಲ್ಲಿ ನಾಲ್ಕು ಗಂಟೆ ಗಾಳಿ.

ನನ್ನ ಮೊದಲನೇ ವರ್ಷದ ಕಥೆ ಹೇಳ್ತೀನಿ. ಜೀನ್ಸ್ ಪ್ಯಾಂಟು, ಬೆಂಗಳೂರಿಂದ ತಂದ ರನ್ನಿಂಗ್ ಶೂ, ತೆಳ್ಳಗಿನ ಕಾಟನ್ ಟೀಶರ್ಟು. ಗಿಳಿಹಸಿರು ಬಣ್ಣದ ಮೆತ್ತನೆ ಹಾಸು ಕಂಡು ಎಷ್ಟು ಚೆನ್ನಾಗಿದೆ ಅಂತ ಕಾಲಿಟ್ಟೆ, ಬಲಗಾಲು ತೊಡೆವರೆಗೂ ಒಳಗೆ. ಎಳೆದ್ರೆ ಕಾಲು ಬಂತು, ಶೂ ಬರ್ಲಿಲ್ಲ. ಮೊಣಕೈವರೆಗೂ ಕೈ ಹಾಕಿ ತಡಕಾಡಿ ತೆಗೆದೆ, ಕಪ್ಪಗೆ ತಣ್ಣಗೆ ಕೊಳೆತ ಎಲೆ ವಾಸನೆ. ಅದೂ ನಗೋ ವಿಷಯನೇ, ಆದ್ರೆ ಆಮೇಲೆ ಅರ್ಧ ಗಂಟೇಲಿ ಜೀನ್ಸ್ ಐಸ್ ಥರ ತೊಡೆಗೆ ಅಂಟಿಕೊಂಡು ಹಲ್ಲು ಕಟಕಟ ಅನ್ನೋಕೆ ಶುರು, ಚಾಕ್ಲೇಟ್ ಕವರ್ ಬಿಚ್ಚೋಕೂ ಬೆರಳು ಬಗ್ತಿರ್ಲಿಲ್ಲ, ಜೊತೇಲಿದ್ದೋಳು ಬಿಚ್ಚಿ ಬಾಯಿಗಿಟ್ಲು. ಅವತ್ತು ಮಳೇನೂ ಇರ್ಲಿಲ್ಲ. ಗಿಳಿಹಸಿರು ಅಂದ್ರೆ ಸ್ಫ್ಯಾಗ್ನಮ್ ಪಾಚಿ, ಕೆಳಗೆ ನೀರು ಇದ್ದೇ ಇರತ್ತೆ. ಕೋಲಲ್ಲಿ ಚುಚ್ಚಿ ನೋಡಿ. ಹೂತ್ಕೊಂಡ್ರೆ ಎಳೆದಾಡ್ದೆ ಹಿಂದಕ್ಕೆ ಒರಗಿ ಕೂತು ಕಾಲನ್ನ ಮೆಲ್ಲಗೆ ಅಲ್ಲಾಡಿಸಿ, ಸುತ್ತ ನೀರು ಬಿಟ್ಕೊಳತ್ತೆ, ಆಗ ಬರತ್ತೆ, ಶೂ ಸಮೇತ.

ಹಾಗಾಗಿ ಕಾಟನ್ ಮನೇಲೇ ಇರ್ಲಿ, ಜೀನ್ಸ್ ಅಂತೂ ಬೇಡ್ವೇ ಬೇಡ. ಗುಡ್ಡ ಹತ್ತಿದ ಹಾಗೆ ಸಾವಿರ ಮೀಟರಿಗೆ ಆರೇಳು ಡಿಗ್ರಿ ಲೆಕ್ಕದಲ್ಲಿ ಥಂಡಿ ಏರತ್ತೆ, 500 ಮೀಟರ್ ಅಂದ್ರೆ ಮೂರೇ ಡಿಗ್ರಿ ಅನ್ಬೇಡಿ, ಅದ್ರ ಮೇಲೆ ಗಾಳಿ ಬೇರೆ. ಜೊತೇಲಿರೋರು ಯಾರಾದ್ರೂ ಇದ್ದಕ್ಕಿದ್ದಂಗೆ ಮಾತು ಬಿಟ್ಟು ಎಡವ್ತಾ ಹಿಂದೆ ಬೀಳೋಕೆ ಶುರು ಮಾಡಿದ್ರೆ ಅದು ಸುಸ್ತಲ್ಲ, ಚಳಿ ಒಳಗಿಳೀತಿದೆ ಅಂತ ತಿಳ್ಕೊಂಡು ನಿಲ್ಲಿಸಿ, ಒದ್ದೆ ಬದಲಾಯಿಸಿ, ಸಿಹಿ ಕೊಡಿ.

ಮೂರನೇದು ರಿಸರ್ವಾಯರ್ ದಾರಿ. ಸ್ಲಿಪರಿ ಸ್ಟೋನ್ಸಿಂದ ಹೌಡನ್, ಡರ್ವೆಂಟ್ ಎರಡು ಕೆರೆ ಪಕ್ಕ ಫೇರ್‌ಹೋಮ್ಸ್‌ಗೆ ಎಂಟೊಂಬತ್ತು ಕಿಮೀ. ಎಲ್ಲರೂ ಅಯ್ಯೋ ಅದು ಸಪಾಟು ಅಂತಾರೆ. ಹೌದು, ಸಪಾಟು, ಗಟ್ಟಿ, ಒಂದೇ ಥರದ ಹೆಜ್ಜೆ, ಬೊಬ್ಬೆ ಏಳೋದು ಇಲ್ಲೇ, ಬೆಳಗಿಂದ ಒದ್ದೆಯಾಗಿ ಮೆತ್ತಗಾದ ಚರ್ಮ ಇಲ್ಲಿ ಉಜ್ಜಿ ಉಜ್ಜಿ ಬಿಡತ್ತೆ. ಸ್ಲಿಪರಿ ಸ್ಟೋನ್ಸಲ್ಲಿ ಕೂತು ಒಣಗಿದ ಕಾಲುಚೀಲ ಹಾಕ್ಕೊಳ್ಳಿ, ಎಲ್ಲಾದ್ರೂ ಬಿಸಿ ಬಿಸಿ ಅನ್ಸಿದ್ರೆ ಬೊಬ್ಬೆ ಬರೋಕೆ ಮೊದಲೇ ಟೇಪ್ ಹಚ್ಚಿ.

ನೀವು ಆ ಕೂರೋ ಜಾಗದಲ್ಲಿ ಒಂದು ಹಳೇ ಕಲ್ಲು ಸೇತುವೆ ಇದೆ, ನೋಡಿ. ಅದು ಅಲ್ಲಿದಲ್ಲ. ಕೆಳಗೆ ಲೇಡಿಬವರ್ ಡ್ಯಾಮ್ 1935ರಿಂದ 1943ರವರೆಗೆ ಕಟ್ಟಿದಾಗ ಡರ್ವೆಂಟ್, ಆಷೋಪ್ಟನ್ ಅಂತ ಎರಡು ಊರು ಮುಳುಗಿದ್ವು, ಡರ್ವೆಂಟ್ ಊರಿನ ಸೇತುವೆ ಕಲ್ಲು ಕಲ್ಲು ಬಿಚ್ಚಿಟ್ಟು ಆಮೇಲೆ ಇಲ್ಲಿ ತಂದು ಕಟ್ಟಿದ್ದಾರೆ. ಚರ್ಚಿನ ಗೋಪುರ ಒಂದಷ್ಟು ವರ್ಷ ನೀರಿಂದ ಮೇಲೆ ನಿಂತಿತ್ತು, 1947ರಲ್ಲಿ ಸಿಡಿಸಿಬಿಟ್ರು. 2018, 2022ರಂಥ ಬರದ ವರ್ಷ ನೀರು ಇಳಿದಾಗ ಊರಿನ ಕಲ್ಲುಗಳು ಮೇಲೆ ಕಾಣ್ತವೆ, ಜನ ಕೆಸರಲ್ಲಿ ಇಳಿದು ನೋಡೋಕೆ ಹೋಗಿ ಸಿಕ್ಕಾಕ್ಕೊಳ್ತಾರೆ. ನಾನು ಸಾಗರದ ಕಡೆಯವಳು, ಲಿಂಗನಮಕ್ಕಿ ಹಿನ್ನೀರಲ್ಲಿ ಬೇಸಿಗೆಗೆ ಮಡೆನೂರು ಡ್ಯಾಮ್ ಎದ್ದು ಬರೋದು ನೋಡ್ಕೊಂಡು ಬೆಳೆದವಳು, ಅಜ್ಜಿ ನಮ್ಮ ಗದ್ದೆ ಇಲ್ಲಿತ್ತು ಅಂತ ನೀರಿನ ಕಡೆ ಕೈ ತೋರಿಸ್ತಿದ್ರು. ಲೇಡಿಬವರ್ ಪಕ್ಕ ನಡೆಯೋವಾಗ ನನಗೆ ಅಷ್ಟು ಸಲೀಸಾಗಿ ಫೋಟೋ ತೆಗೆಯೋಕೆ ಆಗಲ್ಲ. ಇರ್ಲಿ, ವಿಷಯ ಎಲ್ಲಿಗೋ ಹೋಯ್ತು.

ಈಗ ಹತ್ತೂವರೆ ವಿಷಯ. ನೇಸ್ಮಿತ್ ಅನ್ನೋರು 1892ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಎಲ್ಲರೂ ಬಳಸ್ತಾರೆ: ಐದು ಕಿಮೀಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 28 ಕಿಮೀ, ಆರುನೂರು ಚಿಲ್ಲರೆ ಮೀಟರ್ ಏರು ಅಂದ್ರೆ ಆರೂವರೆ ಗಂಟೆ ಮೇಲಾಯ್ತು. ಇದು ನಿಲ್ಲದೆ, ತಿನ್ನದೆ, ಹುದುಲಿಲ್ಲದ ಲೆಕ್ಕ. ಗುಂಪಲ್ಲಿ ಹೋದ್ರೆ ಒಬ್ರಿಗೆ ಶೂ ಲೇಸು, ಇನ್ನೊಬ್ರಿಗೆ ರೀಲ್ಸು, ಒಂಬತ್ತು ಗಂಟೆ ಹಿಡಿಯತ್ತೆ. ಹತ್ತೂವರೆಗೆ ಒಂಬತ್ತು ಸೇರಿಸಿ. ಅಕ್ಟೋಬರ್ ಮಧ್ಯದಲ್ಲಿ ಆರು ಗಂಟೆ ದಾಟ್ತಿದ್ದಂಗೆ ಸೂರ್ಯ ಹೋಗಿರ್ತಾನೆ, ಸ್ವಲ್ಪ ತಡ ಆದ್ರೂ ಅಷ್ಟೊತ್ತಿಗೆ ನೀವು ಇನ್ನೂ ಮಾರ್ಜರಿ ಹಿಲ್‌ನಿಂದ ಕಟ್ ಗೇಟ್ ದಾರಿ ಇಳೀತಿರ್ತೀರ, ಅತಿ ಸುಸ್ತಾದ ತೊಡೆ, ಕತ್ತಲು, ಒದ್ದೆ ಕಲ್ಲು, ಫೋನ್ ಸಿಗ್ನಲ್ ಆ ಕಣಿವೇಲಿ ಬಂದ್ರೆ ಬಂತು. ಮಂಡಿ ಹೋಗೋದು ಹೀಗೆ. ನಮ್ಮವ್ರು ತಿಂಡಿ ಕಾಫಿ ಮುಗಿಸಿ ಹೊರಡೋ ಹೊತ್ತಿಗೆ ಇಲ್ಲಿನ ಹಳಬ್ರು ಅರ್ಧ ದಾರಿ ಮುಗಿಸಿರ್ತಾರೆ.

ಆದ್ರಿಂದ ನಾನಾದ್ರೆ ಏನು ಮಾಡ್ತಿದ್ದೆ ಅಂದ್ರೆ, ಪೂರ್ತಿ 28 ಬಿಟ್ಟು ಬ್ಯಾಕ್ ಟೋರ್ ಆದ್ಮೇಲೆ ಲಾಸ್ಟ್ ಲ್ಯಾಡ್ ಮೇಲಿಂದ ಡರ್ವೆಂಟ್ ರಿಸರ್ವಾಯರ್ ಕಡೆ ಇಳಿದುಬಿಡ್ತಿದ್ದೆ, ಸುಮಾರು 16 ಕಿಮೀಗೆ ಮುಗಿಯತ್ತೆ, ಬಂಡೆ, ಮೂರ್‌ಲ್ಯಾಂಡು, ಕೆರೆ ಮೂರೂ ಸಿಗತ್ತೆ, ಹುದುಲಿನ ಅತಿ ಕೆಟ್ಟ ಭಾಗ ತಪ್ಪತ್ತೆ. ಇದ್ರಲ್ಲೂ ಒಂದು ತೊಂದರೆ ಇದೆ, ಇಳಿತ ಆ ದೊಡ್ಡ ದಾರಿಗಿಂತ ಕಡಿದು, ಹಾಗಾಗಿ ಕೋಲು ಬೇಕೇ ಬೇಕು, ಗಂಡಸರು ಓಡಿದ್ರೂ ನೀವು ನಿಧಾನ. ಇಲ್ಲ ಪೂರ್ತಿನೇ ಬೇಕು ಅಂದ್ರೆ ಏಳೂವರೆಗೆ ಕಾರ್ ಪಾರ್ಕ್ ಬಿಡ್ಬೇಕು, ಮೇಲೆ ಹೇಳಿದ ಆರು ವಾರ ತಪ್ಪದೆ ಮಾಡಿರ್ಬೇಕು, ಬ್ಯಾಕ್ ಟೋರಲ್ಲಿ ಹನ್ನೆರಡು ಗಂಟೆ ಆಗಿದ್ರೆ ಮುಂದಕ್ಕಿಲ್ಲ ಅಂತ ಮನೇಲೇ ಮಾತಾಡ್ಕೊಂಡಿರ್ಬೇಕು, ಅಲ್ಲಿ ನಿಂತು ಚರ್ಚೆ ಮಾಡಿದ್ರೆ ಜೋರಾಗಿ ಮಾತಾಡೋರೇ ಗೆಲ್ಲೋದು. ಅದಕ್ಕೂ ಮೊದಲೇ ಮಂಡಿ ಗೊಣಗಿದ್ರೆ ವೀಲ್ ಸ್ಟೋನ್ಸ್ ದಾಟಿದ ಮೇಲೆ ಡರ್ವೆಂಟ್ ಕಡೆ ಇಳಿಯೋ ಒಂದು ಕಾಲುದಾರಿ ಅಡ್ಡ ಬರತ್ತೆ, ಹಸಿರು ಬೋರ್ಡಿದೆ, ಅಲ್ಲೇ ಇಳೀರಿ. ಆರು ವಾರ ಆದ್ಮೇಲೂ ಮ್ಯಾಮ್ ಟೋರ್ ಇಳಿದ್ರೆ ನೋವು ಬರ್ತಿದೆ ಅಂದ್ರೆ ಗುಡ್ಡ ಬಿಟ್ಟು ಎರಡು ರಿಸರ್ವಾಯರ್ ಸುತ್ತು ಹಾಕಿ, ಅದೂ ಸುಮಾರು 16 ಕಿಮೀ, ಏರಿಳಿತ ಇಲ್ಲವೇ ಇಲ್ಲ ಅನ್ನೋವಷ್ಟು ಕಮ್ಮಿ, ಗುಂಪಲ್ಲಿ ನಿಮ್ಮಂಥೋರು ಇನ್ನೊಬ್ರು ಇದ್ದೇ ಇರ್ತಾರೆ, ಹೇಳ್ಕೊಳ್ಳೋಕೆ ಸಂಕೋಚ ಅಷ್ಟೇ. ಸ್ಲಿಪರಿ ಸ್ಟೋನ್ಸಲ್ಲಿ ಕೂತ್ಕೊಂಡು ಗುಡ್ಡದಿಂದ ಇಳಿಯೋರಿಗೆ ಫ್ಲಾಸ್ಕಿಂದ ಕಾಫಿ ಕೊಡಿ, ಆಗ ನೋಡಿ ಯಾರು ಬುದ್ಧಿವಂತರು ಅಂತ.

ಪ್ರತಿಯೊಬ್ರ ಹತ್ರನೂ ತಲೆಗೆ ಕಟ್ಟೋ ಟಾರ್ಚ್, ಒಂದು ಸೀಟಿ, ಇಡೀ ಗುಂಪಿಗೆ ಒಂದಾದ್ರೂ ಪೇಪರ್ ಮ್ಯಾಪು, ಆರ್ಡ್ನನ್ಸ್ ಸರ್ವೆಯವ್ರ ಓಎಲ್ 1, ಡಾರ್ಕ್ ಪೀಕ್ ಅನ್ನೋದು. ಫೋನ್ ಚಳಿಗೆ ಬೇಗ ಸಾಯತ್ತೆ. ಏನಾದ್ರೂ ಆದ್ರೆ 999ಗೆ ಹೊಡೆದು ಮೊದಲು ಪೊಲೀಸ್ ಕೇಳಿ ಆಮೇಲೆ ಮೌಂಟನ್ ರೆಸ್ಕ್ಯೂ ಕೇಳ್ಬೇಕು, ಆಂಬುಲೆನ್ಸ್ ಅಂದ್ರೆ ಲೇಟಾಗತ್ತೆ. ಬರೋರೆಲ್ಲ ಸ್ವಯಂಸೇವಕರು, ದುಡ್ಡು ಕೇಳಲ್ಲ. ಮಾತಿಗೆ ಸಿಗ್ನಲ್ ಸಾಲದಿದ್ರೂ ಕೆಲವೊಮ್ಮೆ ಮೆಸೇಜ್ ಹೋಗತ್ತೆ, ಅದಕ್ಕೆ ಮನೇಲೇ 999 ನಂಬರಿಗೆ ರಿಜಿಸ್ಟರ್ ಅಂತ ಇಂಗ್ಲಿಷಲ್ಲಿ ಒಂದು ಎಸ್ಸೆಮ್ಮೆಸ್ ಕಳಿಸಿ ನೋಂದಾಯಿಸಿಕೊಳ್ಳಿ. ಸೀಟಿ ಆದ್ರೆ ಆರು ಸಲ ಊದಿ ಒಂದು ನಿಮಿಷ ಸುಮ್ನಿದ್ದು ಮತ್ತೆ ಆರು.

ತಿಂಡಿ ಕೇಳಿದ್ರಿ. ಮೊಸರನ್ನ ಬೇಡ, ಆ ಗಾಳೀಲಿ ಚಮಚ ಹಿಡಿಯೋಕೆ ಕೈಗವಸು ಬಿಚ್ಚಬೇಕಾಗತ್ತೆ, ಫ್ರಿಜ್ಜಿಂದ ತೆಗೆದಂಗೂ ಇರತ್ತೆ. ಚಪಾತಿಗೆ ತುಪ್ಪ ಚಟ್ನಿಪುಡಿ ಸವರಿ ಸುರುಳಿ ಸುತ್ತಿ ಒಂದೊಂದನ್ನೂ ಬೇರೆ ಬೇರೆ ಪೇಪರಲ್ಲಿ ಕಟ್ಟಿಕೊಳ್ಳಿ, ನಡೀತಾನೇ ತಿನ್ಬಹುದು. ಕಡಲೆ ಮಿಠಾಯಿ ಜೇಬಲ್ಲಿರ್ಲಿ, ಬ್ಯಾಗಲ್ಲಲ್ಲ, ಬೆರಳು ಬಗ್ಗದಾಗ ಬ್ಯಾಗ್ ಜಿಪ್ ತೆಗೆಯೋಕಾಗಲ್ಲ. ಕವರ್ ಮನೇಲೇ ಬಿಚ್ಚಿಟ್ಕೊಳ್ಳಿ.